ಸಣ್ಣ ಅವಘಡಕ್ಕೂ ಲೆಕ್ಕವಿರಲಿ

(ಡೊಂಬಿವಲಿ ಎಂಐಡಿಸಿಯಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ವಿಮಾನದ ಮಾತನ್ನು ಎತ್ತಿಕೊಂಡಿದ್ದೇನೆ. ಮೇಜು ಒರೆಸುವವರಿಗೂ ಬಣ್ಣದ ತೊಟ್ಟಿಯ ಮುಂದೆ ನಿಲ್ಲುವವರಿಗೂ ವಿಮಾನದ ಗೊಡವೆ ಏಕೆ ಎಂದು ತಾವು ಕೇಳಬಹುದು. ಸಂಬಂಧವಿದೆ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

2023ನೆಯ ಇಸವಿ ಮೇ 30. ನಮ್ಮ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ರೆಡ್‌ಬರ್ಡ್ ಸಂಸ್ಥೆಯ ಚಿಕ್ಕ ತರಬೇತಿ ವಿಮಾನವೊಂದು ಹಾರಿತು. ಒಳಗಿದ್ದವರು ಇಬ್ಬರೇ. ತಾಂತ್ರಿಕ ದೋಷ ಕಂಡು, ಅದನ್ನು ಹೊನ್ನಿಹಾಳದ ಬಳಿ ಹೊಲದಲ್ಲಿಯೇ ಇಳಿಸಬೇಕಾಯಿತು. ಇಬ್ಬರೂ ಸಣ್ಣಪುಟ್ಟ ಗಾಯಗಳೊಡನೆ ಬದುಕಿದರು. ಅದೇ ವರ್ಷ ಅಕ್ಟೋಬರ್ 19 ಮತ್ತು 22ರಂದು ಪುಣೆ ಜಿಲ್ಲೆಯ ಬಾರಾಮತಿಯ ಬಳಿ ಅದೇ ಸಂಸ್ಥೆಯ ಎರಡು ವಿಮಾನಗಳು ನೆಲಕ್ಕೆ ಬಿದ್ದವು. ಅಲ್ಲಿಯೂ ಜೀವ ಉಳಿಯಿತು. ಆದರೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಆರು ತಿಂಗಳಲ್ಲಿ ಐದು ಅಪಘಾತಗಳಾದವೆಂದು ಎಣಿಸಿ, ಆ ಸಂಸ್ಥೆಯ ತರಬೇತಿಯನ್ನು ತಡೆಹಿಡಿಯಿತು.

ಐದಾಗುವವರೆಗೆ ಕಾದದ್ದು ಸರಿಯೇ ಎಂದು ಕೇಳುವವರು ಕೇಳಲಿ. ನಾನು ಕೇಳುವುದು ಬೇರೆ. ಐದು ಎಂದು ಎಣಿಸಲು ಅವರಿಗೆ ಹೇಗೆ ಸಾಧ್ಯವಾಯಿತು? ಒಂದೊಂದನ್ನೂ ಬರೆದಿಟ್ಟಿದ್ದರಿಂದ. ಯಾರೂ ಸಾಯದಿದ್ದರೂ ಬರೆದಿಟ್ಟಿದ್ದರಿಂದ. ವಿಮಾನ ಅಪಘಾತದ ತನಿಖೆಗೆ ಎಲ್ಲ ದೇಶಗಳೂ ಒಪ್ಪಿರುವ ನಿಯಮವೊಂದಿದೆ: ತನಿಖೆಯ ಗುರಿ ಮತ್ತೊಂದು ಅಪಘಾತವನ್ನು ತಪ್ಪಿಸುವುದು, ಯಾರ ತಲೆಗಾದರೂ ತಪ್ಪು ಕಟ್ಟುವುದಲ್ಲ.

ಇನ್ನೊಂದು ಪಾಠವೂ ಅಲ್ಲಿದೆ. ಇಳಿಯುವಾಗ ವೇಗ ಹೆಚ್ಚಾದರೆ, ಗಾಳಿ ಅಡ್ಡ ಬೀಸಿದರೆ, ರನ್‌ವೇ ನೇರಕ್ಕೆ ಸಿಕ್ಕದಿದ್ದರೆ, ಮತ್ತೆ ಮೇಲಕ್ಕೇರಿ ಒಂದು ಸುತ್ತು ಹಾಕಿ ಬಾ ಎಂದು ಕಲಿಯುವವನಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಹಾಗೆ ಮೇಲೇರಿದವನನ್ನು ಹೇಡಿ ಎನ್ನುವುದಿಲ್ಲ.

ಈಗ ನಮ್ಮ ಡೊಂಬಿವಲಿಗೆ ಬನ್ನಿ. 2016ರ ಮೇ 26ರಂದು ಇದೇ ಎಂಐಡಿಸಿಯಲ್ಲಿ ಪ್ರೊಬೇಸ್ ಕಾರ್ಖಾನೆ ಸಿಡಿದು ಹನ್ನೆರಡು ಮಂದಿ ಸತ್ತರು. 2024ರ ಮೇ 23ರಂದು ಅಮುದಾನ್ ಕೆಮಿಕಲ್ಸ್ ಸಿಡಿದು ಹತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ದೂರದ ಮನೆಗಳ ಗಾಜುಗಳೂ ಒಡೆದವು. ಅಂತಹ ದಿನ ಎಲ್ಲರೂ ಬರುತ್ತಾರೆ. ಉಳಿದ ದಿನಗಳ ಲೆಕ್ಕ ಯಾರ ಬಳಿ ಇದೆ? ಸೋರುವ ವಾಲ್ವು, ಕಾದು ಕೆಂಪಾದ ಮೋಟಾರು, ತಲೆಸುತ್ತಿ ಬಿದ್ದ ಹೆಣ್ಣುಮಗಳು, ಇವು ಯಾವ ಪುಸ್ತಕದಲ್ಲಿವೆ?

ನಾನು ದುಡಿದ ಒಂದು ಹೋಟೆಲಿನಲ್ಲಿ ಗ್ಯಾಸಿನ ನಳಿಗೆ ಬಿರುಕುಬಿಟ್ಟು ಎರಡು ಸಲ ಬೆಂಕಿ ಎದ್ದಿತು. ಒದ್ದೆ ಗೋಣಿಚೀಲ ಹಾಕಿ ಆರಿಸಿದೆವು. “ಯಾರಿಗೂ ಏನೂ ಆಗಲಿಲ್ಲವಲ್ಲ, ದೋಸೆ ಹುಯ್ಯಿ” ಎಂದರು ಗಲ್ಲಾದಲ್ಲಿ ಕೂತಿದ್ದವರು. ಮೂರನೆಯ ಸಲ ಒಲೆಯ ಮುಂದಿದ್ದ ಹುಡುಗನ ಮುಂಗೈ ಸುಟ್ಟಿತು. ಆಸ್ಪತ್ರೆಯಲ್ಲಿ ಬಿಸಿನೀರು ಬಿತ್ತೆಂದು ಬರೆಸಿದರು. ಮೊದಲ ಬೆಂಕಿಯ ದಿನವೇ ನಳಿಗೆ ಬದಲಾಗಿದ್ದರೆ ಆ ಕೈ ಉಳಿಯುತ್ತಿತ್ತು.

ಕಾಯಿದೆ ಇಲ್ಲವೇ? ಇದೆ. ಕೆಲವು ಬಗೆಯ ಅಪಾಯಕರ ಘಟನೆಗಳಾದರೆ, ಯಾರಿಗೂ ಗಾಯವಾಗದಿದ್ದರೂ ಸರಕಾರಕ್ಕೆ ತಿಳಿಸಬೇಕೆಂದು 1948ರ ಕಾರ್ಖಾನೆ ಕಾಯಿದೆಯಲ್ಲಿ ಇತ್ತು. 2025ರ ನವೆಂಬರ್ 21ರಂದು ಅದರ ಸ್ಥಾನಕ್ಕೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿಯೂ ಆ ಮಾತು ಉಳಿದಿದೆ. ಪ್ರಾಣಾಪಾಯವಿದೆಯೆಂದು ಕಂಡರೆ ಮಾಲಿಕನಿಗೂ ಸರಕಾರಿ ನಿರೀಕ್ಷಕನಿಗೂ ತಿಳಿಸುವ ಹಕ್ಕು ಕೆಲಸಗಾರನಿಗಿದೆ. ಹತ್ತು ಮಂದಿ ದುಡಿಯುವ ಹೋಟೆಲಿಗೂ ಈ ಸಂಹಿತೆ ಅನ್ವಯಿಸುತ್ತದೆ.

“ಅಣ್ಣಾ, ಬಾಯಿ ಬಿಟ್ಟರೆ ನಾಳೆ ಗೇಟಿನೊಳಗೆ ಬಿಡುವುದಿಲ್ಲ” ಎಂದು ಕಂತ್ರಾಟಿನ ಹುಡುಗರು ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಊರಿಗೆ ಹಣ ಕಳಿಸಬೇಕಾದವನಿಗೆ ಕಾಯಿದೆಯ ಕಲಮು ಅನ್ನ ಹಾಕುವುದಿಲ್ಲ. ಆದ್ದರಿಂದ ಒಬ್ಬೊಬ್ಬರಾಗಿ ಹೋಗುವುದು ಬೇಡ.

ನನ್ನ ಸೂಚನೆ ಇಷ್ಟು. ಸಂಘದ ಕಛೇರಿಯಲ್ಲಿ ಒಂದು ಪುಸ್ತಕ ಇಡೋಣ. ದಿನ, ಹೊತ್ತು, ಸ್ಥಳ, ಯಂತ್ರ, ಆದದ್ದೇನು, ಇಷ್ಟನ್ನೇ ಬರೆಯೋಣ. ಹೇಳಿದವನ ಹೆಸರು ಬೇಡ. ಕೈತಪ್ಪಿದವನ ಹೆಸರೂ ಬೇಡ. ಪ್ರಾಣಾಪಾಯದ ಸಂಗತಿಯಾದರೆ ಅಂದೇ ಹೊರಡೋಣ. ಉಳಿದದ್ದರಲ್ಲಿ, ಒಂದೇ ವಾಲ್ವಿನ ಮಾತು ಎರಡನೆಯ ಸಲ ಬಂದ ಕೂಡಲೆ ಸಂಘದ ಐದು ಮಂದಿ ಮಾಲಿಕರ ಬಳಿ ಹೋಗೋಣ, ಪತ್ರದ ನಕಲನ್ನು ನಿರೀಕ್ಷಕರಿಗೂ ಕೊಡೋಣ.

ಸಭೆ ಒಪ್ಪಿದರೆ ಬರುವ ಭಾನುವಾರದಿಂದ ಪುಸ್ತಕ ಮೇಜಿನ ಮೇಲಿರುತ್ತದೆ. ಬರೆಯಲು ಬಾರದವರು ಬಂದು ಹೇಳಲಿ; ಬರೆದುಕೊಳ್ಳುವ ಹೊಣೆ ನನ್ನದು. ಅಧ್ಯಕ್ಷರು ಈ ಸೂಚನೆಯನ್ನು ಮತಕ್ಕೆ ಹಾಕಬೇಕೆಂದು ಬೇಡಿ ನನ್ನ ಮಾತು ಮುಗಿಸುತ್ತೇನೆ.