ಕಲಿಸುವವನೂ ಕಲಿಯುತ್ತಿರಬೇಕು

(ಗೌರಸಮುದ್ರದಲ್ಲಿ ಯುವಕರು ಮತ್ತು ಶಿಕ್ಷಕರ ಮುಂದೆ ಮಾಡಿದ ಭಾಷಣದ ಬರಹರೂಪ)



ವಿನಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದೀರಿ. ಈ ಪದ ನಮ್ಮ ಕಿವಿಗೆ ಎಷ್ಟು ಸಲ ಬಿದ್ದಿದೆಯೆಂದರೆ ಅದರ ಅರ್ಥವೇ ಸವೆದುಹೋಗಿದೆ. ದೊಡ್ಡವರ ಮುಂದೆ ತಲೆ ತಗ್ಗಿಸುವುದು, ಎದುರು ಮಾತನಾಡದಿರುವುದು, ಇಷ್ಟನ್ನೇ ನಾವು ವಿನಯವೆಂದು ತಿಳಿದಿದ್ದೇವೆ. ಹಳೆಯ ಬಳಕೆಯಲ್ಲಿ ಇದಕ್ಕೆ ಶಿಕ್ಷಣ, ಶಿಸ್ತು, ತರಬೇತಿ ಎಂಬ ಅರ್ಥಗಳೂ ಇವೆ. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದ ಹೆಸರು ವಿನಯಾಧಿಕಾರಿಕ. ರಾಜನಾಗುವವನು ಪಡೆಯಬೇಕಾದ ತರಬೇತಿ ಅದರ ಮುಖ್ಯ ವಿಚಾರ. ಬೌದ್ಧ ಭಿಕ್ಷುಗಳ ನಿಯಮಗಳ ಸಂಗ್ರಹಕ್ಕೆ ವಿನಯ ಪಿಟಕವೆಂದೇ ಹೆಸರು. ವಿನಯವಂತನೆಂದರೆ ಪಳಗಿದವನು, ಇನ್ನೂ ಪಳಗಲು ಒಪ್ಪುವವನು.

ಇದಕ್ಕೆ ಸಾಕ್ಷಿ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಅದರಲ್ಲಿ ಚಕ್ರವರ್ತಿ ತನ್ನ ವಿಷಯ ಹೇಳಿಕೊಳ್ಳುತ್ತಾನೆ: ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಒಂದು ವರ್ಷ ಕಾಲ ನಾನು ಸಾಕಷ್ಟು ಶ್ರಮಿಸಲಿಲ್ಲ, ಆಮೇಲೆ ಚೆನ್ನಾಗಿ ಶ್ರಮಿಸಿದೆ ಎನ್ನುವುದು ಅದರ ತಾತ್ಪರ್ಯ. ಇದರ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಸಣ್ಣವನಿಗೂ ಸಿಗುತ್ತದೆ ಎಂದೂ ಅದು ಹೇಳುತ್ತದೆ. ದೇಶವನ್ನಾಳುವವನು ತನ್ನ ಪ್ರಯತ್ನ ಸಾಲದೆ ಹೋಯಿತೆಂದು ಬಂಡೆಯ ಮೇಲೆ ಕೆತ್ತಿಸಿದ್ದಾನೆ. ನಮ್ಮಲ್ಲಿ ಎಷ್ಟು ಜನ ಕಾಗದದ ಮೇಲಾದರೂ ಹಾಗೆ ಬರೆದಾರು?

ಈಗ ನಮ್ಮ ಕಾಲಕ್ಕೆ ಬರೋಣ. ರಾಹುಲ್ ದ್ರಾವಿಡ್ ಅವರ ಆಟವನ್ನು ನೀವೆಲ್ಲ ಬಲ್ಲಿರಿ. ಬೆಂಗಳೂರಿನಲ್ಲಿ ಕೇಕಿ ತಾರಾಪೂರ್ ಅವರ ಬಳಿ ಬಾಲ್ಯದ ಪಾಠ. 1996ರಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್, 95 ರನ್. 2012ರಲ್ಲಿ ನಿವೃತ್ತರಾಗುವಾಗ ಟೆಸ್ಟ್‌ಗಳಲ್ಲಿ 13,288 ರನ್. ನಡುವೆ 1998ರಲ್ಲಿ ಏಕದಿನ ತಂಡದಿಂದ ಅವರನ್ನು ಕೈಬಿಟ್ಟಿದ್ದರು. ಮರುವರ್ಷ ವಿಶ್ವಕಪ್‌ನಲ್ಲಿ 461 ರನ್ ಹೊಡೆದು ಎಲ್ಲರಿಗಿಂತ ಮುಂದೆ ನಿಂತರು. ಇದು ಆಟಗಾರನ ಕಥೆ. ನನಗೆ ಹೆಚ್ಚು ಮುಖ್ಯವೆನಿಸುವುದು ತರಬೇತುದಾರನ ಕಥೆ.

2015ರಲ್ಲಿ ಅವರು 19 ವರ್ಷದೊಳಗಿನವರ ತಂಡಕ್ಕೂ ಭಾರತ 'ಎ' ತಂಡಕ್ಕೂ ತರಬೇತುದಾರರಾದರು. ಅಷ್ಟು ಹೆಸರಿದ್ದವರು ಹುಡುಗರ ಜೊತೆ ಹೋದರು. ಚಿಕ್ಕವರಿದ್ದಾಗ 'ಎ' ತಂಡದ ಪ್ರವಾಸಕ್ಕೆ ಹೋಗಿಯೂ ಆಡಲು ಅವಕಾಶ ಸಿಗದಿದ್ದರೆ ಎಷ್ಟು ನೋವಾಗುತ್ತದೆಂಬುದು ಅವರ ಸ್ವಂತ ಅನುಭವ. ಹಾಗಾಗಿ, ನನ್ನ ಜೊತೆ ಪ್ರವಾಸಕ್ಕೆ ಬಂದವರು ಒಂದು ಪಂದ್ಯವನ್ನಾದರೂ ಆಡದೆ ಹಿಂದಿರುಗುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತಿದ್ದರು. ತಮಗಾದ ನೋವನ್ನು ಮುಂದಿನವರಿಗೆ ದಾಟಿಸದಿರುವುದೂ ವಿನಯವೇ. 'ನಾವೂ ಹಾಗೇ ಕಷ್ಟಪಟ್ಟೆವು, ನೀವೂ ಪಡಿ' ಎನ್ನುವುದು ಸುಲಭ.

2016ರಲ್ಲಿ ಕಿರಿಯರ ವಿಶ್ವಕಪ್ ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ಎದುರು ಸೋತರು. 2018ರಲ್ಲಿ ಆಸ್ಟ್ರೇಲಿಯವನ್ನು ಮಣಿಸಿ ಗೆದ್ದರು. ಕ್ರಿಕೆಟ್ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ನೆರವು ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಈ ಅಂತರ ಸರಿಯಲ್ಲವೆಂದು ಅವರು ಹೇಳಿದರು. ಕೊನೆಗೆ ಅವರಿಗೂ ಸಿಬ್ಬಂದಿಗೂ ಸಮನಾಗಿ ತಲಾ 25 ಲಕ್ಷವಾಯಿತು. ಹಿಂದಿನ ವರ್ಷ ದುಡಿದವರನ್ನೂ, ಆ ಹೊತ್ತಿಗೆ ತೀರಿಕೊಂಡಿದ್ದ ದೈಹಿಕ ತರಬೇತುದಾರ ರಾಜೇಶ್ ಸಾವಂತ್ ಅವರನ್ನೂ ಪಟ್ಟಿಗೆ ಸೇರಿಸಲಾಯಿತು. ಮೊಳಕಾಲ್ಮೂರಿನ ಸೀರೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆಗೆ ಮಗ್ಗದ ಮುಂದೆ ಕುಳಿತವನ ಹೆಸರು ಬಂದರೂ ನೂಲಿಗೆ ಬಣ್ಣ ಹಾಕಿದವರು, ಹಾಸು ಹೂಡಿದವರು, ಲಾಳಿಯ ಕಂಡಿಕೆ ಸುತ್ತಿಕೊಟ್ಟ ಹೆಂಗಸರು ಇಲ್ಲದೆ ಒಂದು ಮೊಳವೂ ಇಳಿಯದು.

ಅದಕ್ಕೂ ಮೊದಲು, 2017ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಮುಂದಾಗಿತ್ತು. ಕ್ರೀಡೆಯಲ್ಲಿ ಸಂಶೋಧನೆ ಮಾಡಿಯೇ ಅದನ್ನು ಗಳಿಸಲು ಬಯಸುತ್ತೇನೆಂದು ಅವರು ನಯವಾಗಿ ಒಲ್ಲೆನೆಂದರು.

ವಿನಯವಿದ್ದರೆ ಗೆಲುವು ಬಂದೇ ಬರುತ್ತದೆಂದು ನಾನು ಹೇಳುತ್ತಿಲ್ಲ. 2007ರಲ್ಲಿ ದ್ರಾವಿಡ್ ನಾಯಕರಾಗಿದ್ದ ತಂಡ ವೆಸ್ಟ್ ಇಂಡೀಸ್‌ನ ವಿಶ್ವಕಪ್‌ನಲ್ಲಿ ಮೊದಲ ಹಂತದಲ್ಲೇ ಹೊರಬಿತ್ತು. 2021ರಲ್ಲಿ ಅವರು ಹಿರಿಯರ ತಂಡದ ಮುಖ್ಯ ತರಬೇತುದಾರರಾದರು. 2023ರಲ್ಲಿ ಆ ತಂಡ ಸತತ ಹತ್ತು ಪಂದ್ಯ ಗೆದ್ದು, ನವೆಂಬರ್ 19ರಂದು ಅಹಮದಾಬಾದಿನ ಫೈನಲ್‌ನಲ್ಲಿ ಸೋತಿತು. ಅಲ್ಲಿಗೆ ಅವರ ಒಪ್ಪಂದ ಮುಗಿದಿತ್ತು. ನಾಯಕ ರೋಹಿತ್ ಶರ್ಮ ಫೋನ್ ಮಾಡಿ, ಮುಂದುವರಿಯಿರಿ ಎಂದರು, ದ್ರಾವಿಡ್ ಉಳಿದರು. ತಮಗಿಂತ ಕಿರಿಯರ ಮಾತು ಕೇಳುವುದಕ್ಕೂ ಒಂದು ತರಬೇತಿ ಬೇಕು. 2024ರ ಜೂನ್ 29ರಂದು, ವೆಸ್ಟ್ ಇಂಡೀಸ್‌ನಲ್ಲೇ, ಬಾರ್ಬಡೋಸ್‌ನಲ್ಲಿ ಟಿ-20 ವಿಶ್ವಕಪ್ ಕೈಸೇರಿತು. ಗೆದ್ದದ್ದು ಏಳೇ ರನ್ನುಗಳಿಂದ. ಫೈನಲ್‌ಗೆ ಮುನ್ನ 'ದ್ರಾವಿಡ್‌ಗಾಗಿ ಗೆಲ್ಲಿ' ಎಂಬ ಪ್ರಚಾರ ನಡೆದಾಗ, ಇದು ನನ್ನ ಸ್ವಭಾವಕ್ಕೆ ವಿರುದ್ಧವೆಂದು ಅವರು ಬಿಡಿಸಿ ಹೇಳಿದ್ದರು.

ಇದರಲ್ಲಿ ನಮಗೇನು? ಈ ಸೀಮೆಯಲ್ಲಿ ಮಳೆ ಕಡಿಮೆ, ಕೆಲಸ ಕಡಿಮೆ. ಚುರುಕಾದ ಮಕ್ಕಳು ಊರು ಬಿಟ್ಟು ಹೋಗುತ್ತಾರೆ. ಉಳಿದವರಿಗೆ ಕಲಿಸುವವರು ನಾವು: ಮೇಷ್ಟ್ರು, ಕಬಡ್ಡಿ ತಂಡದ ಹಿರಿಯರು, ಮಗ್ಗದ ಯಜಮಾನರು, ಅಪ್ಪ-ಅಮ್ಮ. ನಾವು ಕಲಿಯುವುದನ್ನು ನಿಲ್ಲಿಸಿದ ದಿನ ಅವರ ದಾರಿಯೂ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ಬೇಕಾದರೆ ಮಾರಮ್ಮನ ಜಾತ್ರೆಯ ಹೊತ್ತಿಗೆ, ಮೂರು ಪ್ರಶ್ನೆ ಕೇಳಿಕೊಳ್ಳೋಣ. ಈ ವರ್ಷ ಹೊಸದಾಗಿ ಏನು ಕಲಿತೆ? ನನ್ನ ಕೈಕೆಳಗಿದ್ದು ಆಡಲು ಅವಕಾಶವೇ ಸಿಗದವರು ಯಾರು? ನನಗೆ ಬಂದ ಹೊಗಳಿಕೆಯಲ್ಲಿ ಯಾರ ಪಾಲು ಬಾಕಿ ಇದೆ?

ಯುವಕರೇ, ನಿಮ್ಮ ಗುರುಗಳನ್ನು ಗೌರವಿಸಿ. ಬ್ರಹ್ಮಗಿರಿಯ ಬಂಡೆಯೂ ಶಿಷ್ಯನಿಗೆ ಅದನ್ನೇ ಹೇಳುತ್ತದೆ. ಆದರೆ ಗೌರವದ ಜೊತೆಗೆ ಪ್ರಶ್ನೆಯನ್ನೂ ಕೇಳಿ. ಹಿರಿಯರೇ, ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ನೋಡಿ ಹೇಳುತ್ತೇನೆ' ಎನ್ನಿ. ನಿಮ್ಮಿಂದ ಮಕ್ಕಳು ಕಲಿಯುವ ದೊಡ್ಡ ಪಾಠ ಅದೇ ಆಗಬಹುದು.