ಲೆಡ್ಜರ್ ಬಲ್ಲವರ ಪಕ್ಕದಲ್ಲಿ

ಇಂದು ಪದವಿ ಪಡೆಯುತ್ತಿರುವ ಪ್ರಿಯ ವಿದ್ಯಾರ್ಥಿಗಳೇ,

ನಿಮ್ಮಲ್ಲಿ ಹೆಚ್ಚಿನವರು ವಾಣಿಜ್ಯ ಮತ್ತು ನಿರ್ವಹಣಾ ಶಾಸ್ತ್ರ ಓದಿದವರು. ಇನ್ನು ಕೆಲವೇ ತಿಂಗಳಲ್ಲಿ ನಿಮಗೊಂದು ಮೇಜು, ಒಂದು ಲ್ಯಾಪ್‌ಟಾಪು, ಕೊರಳಿಗೊಂದು ಗುರುತಿನ ಚೀಟಿ ಸಿಗುತ್ತದೆ. ಸ್ವಲ್ಪ ದಿನ ಕಳೆದ ಮೇಲೆ ಮೇಲಧಿಕಾರಿ ಕರೆದು, ‘ಹೊಸ ವ್ಯವಸ್ಥೆ ಬರುತ್ತಿದೆ, ಹೋಗಿ ಅವರಿಗೆಲ್ಲ ಕಲಿಸಿ ಬನ್ನಿ’ ಎನ್ನುತ್ತಾರೆ. ಅವರೆಲ್ಲ ಎಂದರೆ ನಿಮ್ಮ ಅಪ್ಪ ಅಮ್ಮನ ವಯಸ್ಸಿನವರು, ನೀವು ಹುಟ್ಟುವ ಮೊದಲೇ ಆ ಕುರ್ಚಿಯಲ್ಲಿ ಕೂತವರು. ಕಲಿಸಲು ಒಂದು ಗಡುವು ಕೊಟ್ಟಿರುತ್ತಾರೆ. ‘ಅವರಿಗೆ ಹೊಸದೆಂದರೆ ಆಗಿಬರುವುದಿಲ್ಲ, ಹುಷಾರು’ ಎಂದು ಕಿವಿಯಲ್ಲೊಂದು ಮಾತನ್ನೂ ಹಾಕಿರುತ್ತಾರೆ. ನನ್ನ ವೃತ್ತಿಜೀವನವೆಲ್ಲ ಬ್ಯಾಂಕಿನಲ್ಲಿ, ಅದರಲ್ಲೂ ಬಹುಪಾಲು ಸಿಬ್ಬಂದಿ ವಿಭಾಗದಲ್ಲಿ ಮತ್ತು ತರಬೇತಿ ಕಾಲೇಜಿನಲ್ಲಿ ಕಳೆಯಿತು. ಕಿವಿಯಲ್ಲಿ ಹಾಕಿದ ಆ ಮಾತನ್ನು ನಂಬಬೇಡಿ ಎಂದು ಹೇಳುವುದಕ್ಕೇ ನಾನು ಇಲ್ಲಿಗೆ ಬಂದಿದ್ದೇನೆ.

ಕೈಬರಹದ ಬ್ಯಾಂಕನ್ನು ನೀವು ನೋಡಿಲ್ಲ. ಚೆಕ್ಕು ಕೊಟ್ಟವರಿಗೆ ಒಂದು ಹಿತ್ತಾಳೆ ಟೋಕನ್ ಸಿಗುತ್ತಿತ್ತು. ಚೆಕ್ಕು ಲೆಡ್ಜರ್ ಗುಮಾಸ್ತರ ಕೈಗೆ ಹೋಗಿ, ಅಲ್ಲಿ ಖಾತೆಗೆ ಏರಿ, ಅಧಿಕಾರಿಯ ಸಹಿಯಾಗಿ, ನಗದು ಕೌಂಟರಿಗೆ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆಯುತ್ತಿತ್ತು. ತಿಂಗಳಿಗೊಮ್ಮೆ ಬ್ಯಾಲೆನ್ಸಿಂಗ್. ಲೆಡ್ಜರಿನಲ್ಲಿರುವ ಅಷ್ಟೂ ಖಾತೆಗಳ ಶಿಲ್ಕು ಕೂಡಿಸಿದರೆ ಜನರಲ್ ಲೆಡ್ಜರಿನ ಮೊತ್ತಕ್ಕೆ ಪೈಸೆಯೂ ಹೆಚ್ಚುಕಮ್ಮಿಯಾಗದಂತೆ ತಾಳೆಯಾಗಬೇಕು. ಆಗದಿದ್ದರೆ ರಾತ್ರಿಯವರೆಗೂ ಕೂರಬೇಕು. ಉಳಿತಾಯ ಖಾತೆಗೆ ಬಡ್ಡಿ ಹಾಕುವಾಗ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತವನ್ನು ಹುಡುಕಿ ತೆಗೆಯಬೇಕು. ಪಳಗಿದ ಗುಮಾಸ್ತರು ಪುಟದ ಮೇಲೆ ಬೆರಳಾಡಿಸುತ್ತಲೇ ಆ ಅಂಕಿಯನ್ನು ಹೇಳಿಬಿಡುತ್ತಿದ್ದರು. ಖಾತೆದಾರರ ಸಹಿ ಅವರಿಗೆ ಮುಖದಷ್ಟೇ ಪರಿಚಿತ.

ಇಂಥವರ ನಡುವೆ ಯಂತ್ರ ಬಂತು. ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ರಿಸರ್ವ್ ಬ್ಯಾಂಕು ಸಿ. ರಂಗರಾಜನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದ್ದು 1983ರಲ್ಲಿ. ಬ್ಯಾಂಕುಗಳ ಆಡಳಿತಕ್ಕೂ ನೌಕರರ ಸಂಘಗಳಿಗೂ ಯಂತ್ರಗಳ ಬಗ್ಗೆ ಮೊದಲ ದೊಡ್ಡ ಒಪ್ಪಂದ ಆದದ್ದೂ ಅದೇ ವರ್ಷ. 1987ರಲ್ಲಿ, 1993ರಲ್ಲಿ ಮತ್ತೆ ಒಪ್ಪಂದಗಳಾದವು. ಎಲ್ಲಿ ಯಂತ್ರ ಬರಬಹುದು, ಎಷ್ಟು ಬರಬಹುದು, ಅದರ ಮುಂದೆ ಕೂರುವವರಿಗೆ ಏನು ವಿಶೇಷ ಭತ್ಯೆ ಎಂಬುದೆಲ್ಲ ಮಾತುಕತೆಯಲ್ಲಿ ತೀರ್ಮಾನವಾಯಿತು. ಈ ನಿಧಾನವನ್ನು ಆಗ ಅನೇಕರು ಹಳಿದರು, ಈಗಲೂ ಹಳಿಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಕೆಲಸ ಹೋಗುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಸಿಗುವವರೆಗೆ ಯಾರ ತಲೆಗೂ ಯಾವ ಪಾಠವೂ ಇಳಿಯುವುದಿಲ್ಲ. ತರಬೇತಿ ಕಾಲೇಜಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಬೆಳಗಿನ ತರಗತಿಯಲ್ಲಿ ಬಾಯಿಬಿಡದ ಹಿರಿಯರು ಮಧ್ಯಾಹ್ನ ಕಾಫಿಯ ಹೊತ್ತಿಗೆ ಪಕ್ಕಕ್ಕೆ ಕರೆದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಸಾರ್, ಇದಾದ ಮೇಲೆ ನಮ್ಮನ್ನು ಎಲ್ಲಿ ಕೂರಿಸ್ತಾರೆ?’

ಆ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳಿ. ಸಂಬಳದ ಭರವಸೆ ಒಪ್ಪಂದದಲ್ಲಿತ್ತು. ಇಷ್ಟು ವರ್ಷ ಕೈಗೆ ಹತ್ತಿದ ವಿದ್ಯೆಗೆ ನಾಳೆ ಬೆಲೆ ಇರುತ್ತದೆಯೇ, ಶಾಖೆಯಲ್ಲಿ ನಾಲ್ಕು ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆಯೇ ಎಂಬುದು ಅವರ ಕಳವಳ.

ಬಯಲುಸೀಮೆಯ ಒಂದು ಶಾಖೆಯಲ್ಲಿ ಲೆಡ್ಜರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಡೆದಿತ್ತು. ಅಂಕಿ ತುಂಬಲು ಹೊರಗಿನಿಂದ ಹುಡುಗರನ್ನು ಕರೆತಂದಿದ್ದರು. ಚುರುಕಿನ ಹುಡುಗರು, ಎರಡು ದಿನದಲ್ಲಿ ಎಲ್ಲ ತುಂಬಿದರು. ಆದರೆ ಒಂದು ಲೆಡ್ಜರು ಮಾತ್ರ ತಾಳೆಯಾಗಲೊಲ್ಲದು. ವ್ಯತ್ಯಾಸ 2,430 ರೂಪಾಯಿ. ಸಾವಿರಕ್ಕೂ ಮಿಕ್ಕಿದ ಖಾತೆಗಳು, ಎಲ್ಲಿ ಅಂತ ಹುಡುಕುವುದು? ನಿವೃತ್ತಿಗೆ ಹತ್ತಿರವಾಗಿದ್ದ ಲೆಡ್ಜರ್ ಗುಮಾಸ್ತರೊಬ್ಬರು ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ಅವರ ಕೆಲಸವೇ ಹೋಗುತ್ತಿದೆಯಲ್ಲ, ಅವರನ್ನು ಯಾರು ಕೇಳುತ್ತಾರೆ? ಮ್ಯಾನೇಜರು ಎದ್ದು ಅವರ ಮೇಜಿನ ಹತ್ತಿರ ಹೋಗಿ, ‘ರಾಯರೇ, ಸ್ವಲ್ಪ ನೋಡ್ತೀರಾ’ ಎಂದರು. ರಾಯರು ಚೀಟಿಯ ಮೇಲೆ 2,430ನ್ನು ಒಂಬತ್ತರಿಂದ ಭಾಗಿಸಿದರು. 270 ಬಂತು, ಶೇಷ ಇಲ್ಲ. ‘ಅಂಕಿ ಅದಲುಬದಲಾಗಿದೆ. ರಕಮು ಬಿಟ್ಟುಹೋಗಿಲ್ಲ, ಎಲ್ಲೋ ತಿರುಗಾಮುರುಗಾ ಹೊಡೆದಿದ್ದಾರೆ. ನಾಲ್ಕಂಕಿಯ ಶಿಲ್ಕುಗಳನ್ನು ಮಾತ್ರ ನೋಡಿಕೊಂಡು ಬನ್ನಿ’ ಎಂದರು. ಅರ್ಧ ಗಂಟೆಯಲ್ಲಿ ಸಿಕ್ಕಿತು. 5,280 ಇರಬೇಕಾದಲ್ಲಿ 2,850 ಬಿದ್ದಿತ್ತು. ವ್ಯತ್ಯಾಸ ಒಂಬತ್ತರಿಂದ ಭಾಗವಾಗದೆ ಎರಡರಿಂದ ಭಾಗವಾದರೆ, ಅದರ ಅರ್ಧದಷ್ಟು ಮೊತ್ತ ಜಮೆಯ ಬದಲು ಖರ್ಚಿಗೆ ಬಿದ್ದಿದೆಯೇ ನೋಡಬೇಕು ಎಂಬುದನ್ನೂ ಆ ಹುಡುಗರಿಗೆ ಅವತ್ತೇ ಹೇಳಿಕೊಟ್ಟರು.

ಇಲ್ಲಿಯವರೆಗೆ ಇದು ಒಬ್ಬ ಅನುಭವಿಯ ಕಥೆ. ನನಗೆ ಮುಖ್ಯವೆನಿಸುವುದು ಮ್ಯಾನೇಜರು ಆಮೇಲೆ ಮಾಡಿದ್ದು. ಸುತ್ತಲಿನ ಶಾಖೆಗಳಲ್ಲೂ ಲೆಡ್ಜರುಗಳು ಕಂಪ್ಯೂಟರಿಗೆ ಏರುವುದಿತ್ತು. ತಾಳೆ ನೋಡುವ ತಂಡಕ್ಕೆ ಈ ರಾಯರನ್ನು ಕಳುಹಿಸಬೇಕೆಂದು ಅವರು ಪ್ರಾದೇಶಿಕ ಕಚೇರಿಗೆ ಬರೆದರು, ಪತ್ರದಲ್ಲಿ ರಾಯರ ಹೆಸರು ಬರೆದರು, ಅವರು ಮಾಡಿದ ಕೆಲಸ ಬರೆದರು. ರಾಯರು ಊರೂರು ಸುತ್ತಿದರು. ಸುತ್ತುತ್ತ ಸುತ್ತುತ್ತ ಕೀಬೋರ್ಡನ್ನೂ ಕಲಿತರು. ಕಲಿಯಿರಿ ಎಂದು ಅವರಿಗೆ ಯಾರೂ ಉಪದೇಶ ಮಾಡಲಿಲ್ಲ.

ಇನ್ನೊಂದು ಕಡೆ, ಅದೇ ಕಾಲದಲ್ಲಿ, ಅಷ್ಟೇ ಬಲ್ಲವರೊಬ್ಬರನ್ನು ಕಂಪ್ಯೂಟರು ಬಂದ ದಿನವೇ ಡಿಸ್ಪ್ಯಾಚ್ ವಿಭಾಗಕ್ಕೆ ಹಾಕಿದರು. ಬಂದ ಟಪಾಲಿಗೆ ನಂಬರು ಹಾಕುವುದು, ಹೋಗುವ ಲಕೋಟೆಗೆ ಅಂಚೆಚೀಟಿ ಹಚ್ಚುವುದು. ಸಂಬಳದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಅವರು ಯಾರೊಂದಿಗೂ ಜಗಳವಾಡಲಿಲ್ಲ, ಮಾತು ಕಡಿಮೆ ಮಾಡಿದರು ಅಷ್ಟೇ. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳು ಸ್ವಯಂನಿವೃತ್ತಿ ಯೋಜನೆ ತಂದವು. 15 ವರ್ಷ ಸೇವೆಯಾದವರು ಅಥವಾ 40 ವರ್ಷ ತುಂಬಿದವರು ಅರ್ಜಿ ಹಾಕಬಹುದಿತ್ತು. ದೇಶದಾದ್ಯಂತ ಸುಮಾರು ಒಂದು ಲಕ್ಷ ಜನ ಹೊರನಡೆದರು, ಅವರಲ್ಲಿ ಇವರೂ ಒಬ್ಬರು. ಅರ್ಜಿ ಹಾಕಿದವರೆಲ್ಲ ನೊಂದು ಹೋದರು ಎಂದು ನಾನು ಹೇಳುವುದಿಲ್ಲ. ಮಗಳ ಮದುವೆ, ಸೈಟಿನ ಸಾಲ, ಸ್ವಂತ ಅಂಗಡಿಯ ಆಸೆ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಆದರೆ ಇನ್ನೂ ಹತ್ತು ವರ್ಷ ಮನಸ್ಸಿಟ್ಟು ದುಡಿಯಬಲ್ಲವರನ್ನು ಅಂಚೆಚೀಟಿ ಹಚ್ಚಲು ಕೂರಿಸಿ ಕಳೆದುಕೊಂಡೆವಲ್ಲ, ಆ ಸಂಕಟ ನನ್ನಲ್ಲಿ ಇಂದಿಗೂ ಇದೆ.

ಯಂತ್ರ ಬೇಕಿರಲಿಲ್ಲ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಗೆ ದಿನದಿನದ ಶಿಲ್ಕಿನ ಮೇಲೆ ಬಡ್ಡಿ ಸಿಗುತ್ತಿದೆ. 11ನೇ ತಾರೀಖು ಸಂಬಳ ಜಮೆ ಮಾಡಿದ ಬಡವನಿಗೆ ಹಳೆಯ ಲೆಕ್ಕದಲ್ಲಿ ಆ ತಿಂಗಳು ಅದರ ಮೇಲೆ ಬಡ್ಡಿ ಬರುತ್ತಿರಲಿಲ್ಲ. ಕೋಟಿಗಟ್ಟಲೆ ಖಾತೆಗಳಿಗೆ ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವುದು ಎಷ್ಟು ನುರಿತ ಕೈಗೂ ಸಾಧ್ಯವಿಲ್ಲ.

ಕೆಳಗಿನವರನ್ನು ಕೇಳದೆ ಬದಲಾವಣೆ ತಂದರೆ ಏನಾಗುತ್ತದೆ ಎಂದು ನೋಡಲು ಈಗ ಬೆಂಗಳೂರಿಗೆ ಬರೋಣ. 2016ರ ಫೆಬ್ರವರಿಯಲ್ಲಿ ಭವಿಷ್ಯನಿಧಿಯ, ಅಂದರೆ ಪಿಎಫ್‌ನ, ನಿಯಮ ಬದಲಾಯಿತು. ಕೆಲಸ ಬಿಟ್ಟರೂ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಾಯಿತು. ವೃದ್ಧಾಪ್ಯಕ್ಕೆ ನಾಲ್ಕು ಕಾಸು ಉಳಿಯಲಿ ಎಂಬುದು ದೆಹಲಿಯಲ್ಲಿ ಕೂತವರ ಆಲೋಚನೆ, ಕೆಟ್ಟ ಆಲೋಚನೆಯೇನಲ್ಲ. ಆದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಎಂದರೆ ಮಕ್ಕಳ ಫೀಸು, ಆಸ್ಪತ್ರೆಯ ಖರ್ಚು, ಮನೆಯ ಭೋಗ್ಯ, ತಂಗಿಯ ಮದುವೆ. ಹೊಲಿಗೆ ಯಂತ್ರದ ಮುಂದೆ ಅಷ್ಟು ವಯಸ್ಸಿನವರೆಗೆ ಕೂರುವುದು ಸಾಧ್ಯವೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಕಾರ್ಖಾನೆಗಳಿಂದ ಅವರು ರಸ್ತೆಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು. ಮರುದಿನ ಲಾಠಿ ಬೀಸಿದ್ದೂ ಆಯಿತು, ಬಸ್ಸು ಸುಟ್ಟದ್ದೂ ಆಯಿತು, ಸಂಜೆಯ ಹೊತ್ತಿಗೆ ಕೇಂದ್ರ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಕಾರ್ಖಾನೆಯ ಗೇಟಿನ ಹೊರಗೆ ಟೀ ಅಂಗಡಿಯಲ್ಲಿ ಅರ್ಧ ದಿನ ನಿಂತು ನಾಲ್ಕು ಜನರನ್ನು ಮಾತನಾಡಿಸಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು.

ಹೊಲಿಗೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಮೆರಿಕದ ವರ್ಜೀನಿಯಾದಲ್ಲಿ ಪೈಜಾಮ ಹೊಲಿಯುವ ಹಾರ್ವುಡ್ ಎಂಬ ಕಂಪನಿಯಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಒಂದು ಪ್ರಯೋಗ ಮಾಡಿ 1948ರಲ್ಲಿ ಪ್ರಕಟಿಸಿದರು. ನಿಮ್ಮಲ್ಲಿ ಕೆಲವರು ಓದಿರುತ್ತೀರಿ. ಕೆಲಸದ ಕ್ರಮ ಬದಲಾದಾಗ, ಬರೀ ಆದೇಶ ಕೇಳಿಸಿಕೊಂಡ ಗುಂಪಿನ ಉತ್ಪಾದನೆ ಕುಸಿಯಿತು, ಮೊದಲ 40 ದಿನಗಳಲ್ಲಿ ಶೇ. 17ರಷ್ಟು ಜನ ಕೆಲಸ ಬಿಟ್ಟರು. ಬದಲಾವಣೆಯನ್ನು ಹೇಗೆ ಮಾಡಬೇಕೆಂದು ತಾವೇ ಕೂತು ಚರ್ಚಿಸಿದ ಗುಂಪುಗಳು ಬೇಗ ಚೇತರಿಸಿಕೊಂಡು ಹಿಂದಿನ ಮಟ್ಟವನ್ನೂ ದಾಟಿದವು. ಯಾರೂ ಬಿಟ್ಟುಹೋಗಲಿಲ್ಲ. ಪರೀಕ್ಷೆಗೆ ಐದು ಅಂಕಕ್ಕೆಂದು ಇದನ್ನು ಓದಿದ್ದರೆ ಈಗ ಇನ್ನೊಮ್ಮೆ ಓದಿ.

ಎಲ್ಲ ಪ್ರತಿರೋಧವೂ ಮುಗ್ಧವಾದದ್ದಲ್ಲ ಎಂಬುದನ್ನೂ ಹೇಳಬೇಕು. ಜಮೀನಿನ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ನಮ್ಮ ರಾಜ್ಯದ ಭೂಮಿ ಯೋಜನೆಯನ್ನೇ ನೋಡಿ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಒಂಬತ್ತು ಸಾವಿರದಷ್ಟು ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಪಹಣಿಗೆ ಲಂಚ, ಖಾತೆ ಬದಲಾವಣೆಗೆ ಅಲೆದಾಟ, ಇವೆಲ್ಲ ನಿಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತು. ಆ ವ್ಯವಸ್ಥೆಯಿಂದ ಲಾಭವಿದ್ದವರು ಕಂಪ್ಯೂಟರನ್ನು ಒಲ್ಲೆ ಎಂದರೆ ಅವರನ್ನು ಓಲೈಸಿ ಪ್ರಯೋಜನವಿಲ್ಲ. ಅಲ್ಲಿ ಬಾಗಿಲು ಮುಚ್ಚಲೇಬೇಕು. 1991ರಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಪ್ರಯತ್ನ ನಡೆದಿತ್ತು, ಫಲ ಕೊಡಲಿಲ್ಲ. ಕೈಬರಹದ ಪಹಣಿ ಪಕ್ಕದಲ್ಲೇ ನಡೆಯುತ್ತಿದ್ದಾಗ ಕಂಪ್ಯೂಟರಿನ ದಾಖಲೆಯನ್ನು ಯಾರು ಲೆಕ್ಕಕ್ಕಿಡುತ್ತಾರೆ? ಮುಂದಿನ ದಶಕದ ಆರಂಭದಲ್ಲಿ, ಅಧಿಕಾರಿ ರಾಜೀವ್ ಚಾವ್ಲಾ ಅವರು ಯೋಜನೆಯ ಹೊಣೆ ಹೊತ್ತಿದ್ದಾಗ, ತಾಲ್ಲೂಕು ತಾಲ್ಲೂಕಾಗಿ ಕೈಬರಹದ ಪಹಣಿಯನ್ನೇ ನಿಲ್ಲಿಸಿದರು. ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬಂತು. ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು, ಬೆರಳಚ್ಚು ಕೊಡದೆ ಯಾವ ಸಿಬ್ಬಂದಿಯೂ ದಾಖಲೆ ಮುಟ್ಟುವಂತಿಲ್ಲ.

ಆದರೆ ಈ ಕಟ್ಟುನಿಟ್ಟಿನ ಒಳಗೇ ಇನ್ನೊಂದು ಸಂಗತಿ ಇದೆ. ಕೌಂಟರಿನ ಕಂಪ್ಯೂಟರಿನ ಮುಂದೆ ಕೂರಲು ತರಬೇತಾದವರು ಗ್ರಾಮ ಲೆಕ್ಕಿಗರೇ. ಮುದ್ರಿತ ಪಹಣಿಯನ್ನು ಹಳೆಯದರೊಂದಿಗೆ ಹೋಲಿಸಿ ನೋಡಿದವರೂ ಅವರೇ. ಆ ಕೈಬರಹ, ಆ ಚಿತ್ತು, ಆ ಅಡ್ಡಟಿಪ್ಪಣಿ ಓದಬಲ್ಲವರು ಬೇರೆ ಯಾರಿದ್ದರು? ಲಂಚದ ಅವಕಾಶವನ್ನು ಕಿತ್ತುಕೊಂಡು ಜ್ಞಾನಕ್ಕೆ ಜಾಗ ಉಳಿಸಿದರು. ಯಾವುದನ್ನು ಕಿತ್ತುಕೊಳ್ಳಬೇಕು, ಯಾವುದನ್ನು ಉಳಿಸಬೇಕು ಎಂದು ಬೇರ್ಪಡಿಸುವುದೇ ನಾಳೆ ನಿಮ್ಮ ಕೆಲಸದ ಕಷ್ಟದ ಭಾಗ. ಅದಕ್ಕೆ ಸಿದ್ಧಸೂತ್ರ ನನ್ನ ಬಳಿ ಇಲ್ಲ, ಒಬ್ಬೊಬ್ಬರನ್ನೂ ಹತ್ತಿರದಿಂದ ನೋಡಿಯೇ ತಿಳಿಯಬೇಕು.

ಹುರಿದುಂಬಿಸುವುದರ ಬಗ್ಗೆ ಎರಡೇ ಮಾತು. ಸರ್ಕಾರಿ ಬ್ಯಾಂಕಿನ ಮ್ಯಾನೇಜರಿಗೆ ಯಾರ ಸಂಬಳವನ್ನೂ ಏರಿಸುವ ಅಧಿಕಾರವಿರಲಿಲ್ಲ. ಯಾರಿಗೆ ಯಾವ ಕೆಲಸ ಕೊಡುವುದು, ಮಾಡಿದ ಕೆಲಸಕ್ಕೆ ಯಾರ ಹೆಸರು ಬರೆಯುವುದು, ಕೈಯಲ್ಲಿದ್ದದ್ದು ಇವೆರಡೇ. ಅಷ್ಟರಲ್ಲೇ ಇಡೀ ಶಾಖೆಯನ್ನು ಲವಲವಿಕೆಯಿಂದ ನಡೆಸಿದವರನ್ನು ನೋಡಿದ್ದೇನೆ. ತಿಂಗಳ ಉತ್ತಮ ಉದ್ಯೋಗಿಯೆಂದು ಗೋಡೆಗೆ ಫೋಟೋ ಹಾಕುವುದಕ್ಕಿಂತ, ಮೇಲಿನವರಿಗೆ ಕಳಿಸುವ ವರದಿಯಲ್ಲಿ ಕೆಳಗಿನವರ ಹೆಸರು ಬರೆಯುವುದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಬ್ಯಾಂಕುಗಳು ವಿಲೀನವಾದಾಗಲೂ ನಾನು ಕಂಡದ್ದು ಇದನ್ನೇ. ಕರ್ನಾಟಕದ ನೆಲದಲ್ಲಿ ಹುಟ್ಟಿದ ಐದು ಸರ್ಕಾರಿ ಬ್ಯಾಂಕುಗಳಲ್ಲಿ ಈಗ ಉಳಿದಿರುವುದು ಕೆನರಾ ಒಂದೇ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರ ಏಪ್ರಿಲ್ 1ರಂದು, ಲಾಕ್‌ಡೌನಿನ ನಡುವೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. 1928ರಲ್ಲಿ ಪಿಗ್ಮಿ ಯೋಜನೆ ಶುರುಮಾಡಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿದ ಸಿಂಡಿಕೇಟ್ ಬ್ಯಾಂಕಿನ ಹೆಸರು ಬೋರ್ಡಿನಿಂದ ಇಳಿದಾಗ ಕರಾವಳಿಯಲ್ಲಿ ಕಣ್ಣೊರೆಸಿಕೊಂಡ ನೌಕರರನ್ನು ನಾನು ಬಲ್ಲೆ. ಅವರ ಮುಂದೆ ನಿಂತು ಹೊಸ ಬ್ಯಾಂಕಿನ ಗುಣಗಾನ ಮಾಡಿದ ತರಬೇತುದಾರರು ಸೋತರು. ‘ನಿಮ್ಮ ಪಿಗ್ಮಿ ಏಜೆಂಟರಿಗೆ ಯಾವ ಬೀದಿ ಗೊತ್ತು, ಯಾವ ಗಿರಾಕಿ ಹೊಸ ಪಾಸ್‌ಬುಕ್ಕಿಗೆ ಹೆದರುತ್ತಿದ್ದಾರೆ’ ಎಂದು ಕೇಳಿದವರಿಗೆ ಅದೇ ನೌಕರರು ಪಟ್ಟಿ ಬರೆದುಕೊಟ್ಟರು.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಈ ಸಲ ‘ನಮ್ಮನ್ನು ಎಲ್ಲಿ ಕೂರಿಸ್ತಾರೆ’ ಎಂದು ಕೇಳುವವರಲ್ಲಿ ನೀವೂ ಇರುತ್ತೀರಿ. ಹಾಗಾಗಿ ನನ್ನದೊಂದು ಕೋರಿಕೆ. ಕೆಲಸಕ್ಕೆ ಸೇರಿದ ಮೇಲೆ ಹೊಸ ವ್ಯವಸ್ಥೆಯ ಹೊಣೆ ನಿಮಗೆ ಬಂದರೆ, ಕಲಿಸಲು ನಿಲ್ಲುವ ಮೊದಲು ಎರಡು ದಿನದ ಅನುಮತಿ ಕೇಳಿ. ಆ ಎರಡು ದಿನ, ಅಲ್ಲಿ ಅತಿ ಹಳಬರು ಯಾರೋ ಅವರ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತು, ಲೆಕ್ಕ ತಪ್ಪಿದಾಗ ಅವರು ಮೊದಲು ಎಲ್ಲಿ ಹುಡುಕುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಬರೆದುಕೊಂಡದ್ದನ್ನು ವರದಿಯಲ್ಲಿ ಸೇರಿಸುವಾಗ ಅವರ ಹೆಸರನ್ನೂ ಸೇರಿಸಿ.