‘ಶಲ್’ ಮತ್ತು ‘ಮೇ’: ಸಹಿಗೆ ಮುನ್ನ ನೋಡಿ



ನಾನು ಪಿಯುಸಿ ಓದಿದ ಪ್ರೆಸ್ಸಿನವನು. ಕರಾರು ಪತ್ರ ಅಚ್ಚು ಹಾಕುವಾಗಲೆಲ್ಲ ನನ್ನ ಕಣ್ಣು ಎರಡು ಇಂಗ್ಲಿಷ್ ಪದಗಳ ಮೇಲೆ: ‘ಶಲ್’ ಮತ್ತು ‘ಮೇ’.

ಎರಡೂ ಸಹಾಯಕ ಕ್ರಿಯಾಪದಗಳು. ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯಾಪದಕ್ಕಿಂತ ಮೊದಲು ಬರುತ್ತವೆ. ನಮ್ಮಲ್ಲಿ ಆ ಕೆಲಸ ಕ್ರಿಯಾಪದದ ಕೊನೆಯಲ್ಲಿ. ‘ಕೊಡತಕ್ಕದ್ದು’ ಎಂದರೆ ಶಲ್, ‘ಕೊಡಬಹುದು’ ಎಂದರೆ ಮೇ. ಒಂದು ಕಟ್ಟಳೆ, ಇನ್ನೊಂದು ಬರೀ ಅವಕಾಶ.

ಸಂವಿಧಾನ ತೆರೆದು ನೋಡಿ. ಒಕ್ಕೂಟದ ಆಡಳಿತ ಭಾಷೆ ಹಿಂದಿ ಎನ್ನುವ 343ನೇ ವಿಧಿಯಲ್ಲಿ ‘ಶಲ್’ ಇದೆ. ರಾಜ್ಯಗಳು ತಮ್ಮ ಭಾಷೆಯನ್ನು ಆಡಳಿತಕ್ಕೆ ತರುವ 345ನೇ ವಿಧಿಯಲ್ಲಿ ‘ಮೇ’! ಹಿಂದಿಗೆ ತಕ್ಕದ್ದು, ಕನ್ನಡಕ್ಕೆ ಬಹುದು. ಆ ‘ಬಹುದು’ ಹಿಡಿದೇ 1963ರಲ್ಲಿ ನಮ್ಮ ರಾಜಭಾಷಾ ಕಾಯಿದೆ ಬಂತು.

ನಿಮ್ಮ ಮನೆ ಬಾಡಿಗೆ ಕರಾರನ್ನೂ ಹೀಗೇ ಓದಿ. ನೀವು ಬಾಡಿಗೆ ಕಟ್ಟುವ ಕಡೆ ‘ಶಲ್’, ಅವರು ಅಡ್ವಾನ್ಸ್ ವಾಪಸು ಕೊಡುವ ಕಡೆ ‘ಮೇ’ ಇದ್ದರೆ ಪೆನ್ನು ಕೆಳಗಿಡಿ. ಸಂದರ್ಭ ನೋಡಿ ನ್ಯಾಯಾಲಯ ‘ಮೇ’ಯನ್ನೂ ಕಡ್ಡಾಯವೆಂದು ಓದೀತು. ಆದರೆ ಅಡ್ವಾನ್ಸಿಗಾಗಿ ಎಷ್ಟು ಜನ ಕೋರ್ಟು ಹತ್ತುತ್ತೀರಿ?

ಮೊದಲೇ ತಿದ್ದಿಸಿ. ಕರಾರನ್ನು ಕನ್ನಡದಲ್ಲೇ ಕೇಳಿ. ಕೇಳಬಹುದು ಅಲ್ಲ, ಕೇಳತಕ್ಕದ್ದು!

ಸಿರಿಗನ್ನಡಂ ಗೆಲ್ಗೆ.